ನನ್ನ ಎಂ.ಎ.ಗೆ ಹೊತ್ತು ಹೊಂದಿಸಿಕೊಟ್ಟವರಿಗೆ

ಇಗ್ನೊದ (ದೂರಶಿಕ್ಷಣ ಕೊಡುವ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ) ಎಂ.ಎ. ಎಜುಕೇಶನ್ ಫಲಿತಾಂಶ ಬಂತು, ಪಾಸಾದೆ. ಫೋನ್ ಮಾಡಿದವರೆಲ್ಲ ‘ಶಾಲೆ, ಮನೆ ನಡುವೆ ಹೇಗೆ ಓದಿದಿರಿ ಮೇಡಂ?’ ಅಂತಲೇ ಕೇಳುತ್ತಿದ್ದೀರಿ. ಓದಿದ್ದು ನಾನು, ಸರಿ. ಓದುವ ಹೊತ್ತನ್ನು ಹೊಂದಿಸಿಕೊಟ್ಟವರು ಬೇರೆಯವರು.

ಮೊದಲಿಗೆ ಇದ್ದದ್ದು ಎಂ.ಇಡಿ. ಆಸೆ. 2015ರಿಂದ ಅದು ಎರಡು ವರ್ಷದ ಕೋರ್ಸು, ತರಗತಿಗೆ ಹಾಜರಾಗಲೇಬೇಕು. ಅಷ್ಟು ರಜೆ ನನಗೆ ಸಿಗುವಂತಿರಲಿಲ್ಲ. “ಬಿ.ಇಡಿ. ಕಾಲೇಜಲ್ಲಿ ಪಾಠ ಹೇಳೋ ಆಸೆ ಇದ್ರೆ ಎಂ.ಇಡಿ.ಗೆ ಕಾಯೋದು ಒಳ್ಳೇದಮ್ಮ. ಓದ್ಬೇಕು ಅಷ್ಟೇ ಅಂದ್ರೆ ಇವತ್ತೇ ಎಂ.ಎ.ಗೆ ಅರ್ಜಿ ಹಾಕು” ಎಂದ ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕರಿಗೆ ಮೊದಲ ನಮಸ್ಕಾರ. ವ್ಯಾಸಂಗದ ಅನುಮತಿ ಕಡತವನ್ನು ಮೂಲೆಗೆ ಬೀಳಲು ಬಿಡದ, ಇಲಾಖೆ ಕಚೇರಿಯಲ್ಲಿ ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರಿಗೆ ಎರಡನೆಯದು.

ದೊಡ್ಡ ತೊಡಕು ಕ್ಯಾಲೆಂಡರಿನದು. ಪರೀಕ್ಷೆ ಜೂನ್‌ನಲ್ಲಿ, ಇಲ್ಲವೇ ಡಿಸೆಂಬರ್‌ನಲ್ಲಿ. ಜೂನ್ ಅಂದರೆ ನಮಗೆ ದಾಖಲಾತಿ, ಪಠ್ಯಪುಸ್ತಕ ಹಂಚಿಕೆ, ಸೇತುಬಂಧ (ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ಗಟ್ಟಿ ಮಾಡಿಸುವ ಪಾಠಗಳು). ನಮ್ಮ ಮುಖ್ಯಶಿಕ್ಷಕರು ವಿಷಯಗಳ ಪಟ್ಟಿ ಮುಂದಿಟ್ಟುಕೊಂಡು, ಭಾರದ ಪತ್ರಿಕೆಗಳನ್ನೆಲ್ಲ ಡಿಸೆಂಬರ್‌ಗೆ ತಳ್ಳಿಸಿದರು. ಬೇಸಿಗೆ ರಜೆಗೆ ಅಸೈನ್‌ಮೆಂಟು (ಶೇ 30 ಅಂಕ ಅದಕ್ಕೇ), ದಸರಾ ರಜೆಗೆ ಓದು. ಎರಡೇ ವರ್ಷಕ್ಕೆ ಮುಗಿಸಬೇಕೆಂಬ ಕಟ್ಟುಪಾಡಿಲ್ಲ ಎಂದು ನನ್ನ ಧಾವಂತ ತಗ್ಗಿಸಿದವರೂ ಅವರೇ.

ಆಮೇಲೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿ ಮತದಾರರ ಪಟ್ಟಿಯ ಕೆಲಸ ಬಂತು ನೋಡಿ, ಯೋಜನೆಯಲ್ಲಿ ಅರ್ಧ ಉದುರಿತು. ಆ ಹೊತ್ತಿಗೆ ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯ ತಾಲೀಮನ್ನೆಲ್ಲ ತಾವೇ ವಹಿಸಿಕೊಂಡವರು ನಮ್ಮ ಅತಿಥಿ ಶಿಕ್ಷಕಿ. ಅವರ ಕೈಗೆ ಬರುವ ಅಲ್ಪ ಗೌರವಧನ ನೆನೆದರೆ ಬರೀ ‘ಧನ್ಯವಾದ’ ಅನ್ನಲು ಸಂಕೋಚವಾಗುತ್ತದೆ.

ಎಂ.ಎ.ಗೆ ಮಾಡಬೇಕಾದ ಪ್ರಾಜೆಕ್ಟಿನ ವಿಷಯವನ್ನು ನನ್ನ ತರಗತಿಯೇ ಕೊಟ್ಟಿತು. ನಲಿ-ಕಲಿಯಲ್ಲಿ (ಒಂದರಿಂದ ಮೂರನೇ ತರಗತಿಯವರೆಗಿನ ಚಟುವಟಿಕೆಯ ಕಲಿಕೆ) ಕಾರ್ಡು ಹಿಡಿದು, ತಟ್ಟೆಯಿಂದ ತಟ್ಟೆಗೆ, ಅಂದರೆ ಗುಂಪಿನಿಂದ ಗುಂಪಿಗೆ, ಓಡಾಡುತ್ತ, ತಮ್ಮದೇ ವೇಗದಲ್ಲಿ ಕಲಿಕಾ ಏಣಿಯ ಮೆಟ್ಟಿಲು ಹತ್ತಿದ ಮಕ್ಕಳು ನಾಲ್ಕನೇ ತರಗತಿಗೆ ಬಂದೊಡನೆ ಸಾಲಾಗಿ ಕೂತು ಎಲ್ಲರೂ ಒಂದೇ ಪುಟ ತೆರೆಯಬೇಕು. ಕೆಲವರು ಅಲ್ಲಿಗೆ ಮಾತೇ ನಿಲ್ಲಿಸಿಬಿಡುತ್ತಾರೆ. ಯಾಕೆ ಅಂತ ಹುಡುಕಲು ಹೊರಟೆ. ನಮ್ಮ ಮಾರ್ಗದರ್ಶಕರು ನಾನು ಬರೆದ ಪ್ರತಿ ಸಾಲಿನ ಪಕ್ಕ ‘ಯಾವ ಮಗು? ಯಾವ ಪಾಠದಲ್ಲಿ?’ ಎಂದು ಪೆನ್ಸಿಲಿನಲ್ಲಿ ಕೇಳುತ್ತಿದ್ದರು. ಆ ಪೆನ್ಸಿಲ್ ಇಲ್ಲದಿದ್ದರೆ ಅದು ಇನ್ನೊಂದು ದಪ್ಪ ರಿಪೋರ್ಟ್ ಆಗುತ್ತಿತ್ತು, ಅಷ್ಟೇ. ಮಾತಾಡಿಸಲು ಕೂರಿಸಿಕೊಂಡ ಹುಡುಗನೊಬ್ಬ, “ಅಲ್ಲಿ ಮಿಸ್ಸು ನಮ್ ಪಕ್ಕ ಕೂರ್ತಿದ್ರು, ನೀವು ನಿಂತೇ ಇರ್ತೀರಿ” ಅಂದ. ನನ್ನ ವಿಶ್ಲೇಷಣೆಯ ಅಧ್ಯಾಯದಲ್ಲಿ ಅದಕ್ಕಿಂತ ತೂಕದ ವಾಕ್ಯ ಇನ್ನೊಂದಿಲ್ಲ. ಅವನಿಗೂ ಅವನ ಗೆಳೆಯರಿಗೂ ಥ್ಯಾಂಕ್ಸ್.

ಅತ್ತೆಯವರಿಗೆ ಹೀಗೆ ಬರೆದರೆ ಹಿಡಿಸುವುದಿಲ್ಲ, ಆದರೂ ಬರೆಯುತ್ತೇನೆ: ಪರೀಕ್ಷೆ ಹತ್ತಿರ ಬಂದಾಗ ರಾತ್ರಿ ಅಡುಗೆಮನೆಗೆ ನನ್ನನ್ನು ಬಿಟ್ಟುಕೊಳ್ಳುತ್ತಲೇ ಇರಲಿಲ್ಲ. ನಮ್ಮವರು ಇಂಗ್ಲಿಷ್ ಘಟಕಗಳನ್ನು ಗಟ್ಟಿಯಾಗಿ ಓದುವರು, ನಾನು ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳುವೆ. ಪಠ್ಯಕ್ರಮದ ಬಗ್ಗೆ ಈಗ ಅವರದೂ ಬಲವಾದ ಅಭಿಪ್ರಾಯಗಳಿವೆ!

ಆ ಟಿಪ್ಪಣಿ ಪುಸ್ತಕಗಳು ಪಕ್ಕದ ಕ್ಲಸ್ಟರಿನ (ಶಾಲೆಗಳ ಗುಂಪು) ಶಿಕ್ಷಕಿಯೊಬ್ಬರ ಕೈ ಸೇರಿವೆ, ಈ ಸಲ ಅವರು ಎಂ.ಎ.ಗೆ ಸೇರಿದ್ದಾರೆ. ಉಳಿದವರೆಲ್ಲ ಭಾನುವಾರ ಮನೆಗೆ ಬನ್ನಿ, ಹೋಳಿಗೆ ಊಟವಿದೆ. ಅಡುಗೆ ಈ ಸಲ ನನ್ನದೇ.