ಆ ರಾತ್ರಿ ನನ್ನ ಜೊತೆ ಎದ್ದಿದ್ದ ಅತ್ತಿಗೆಗೆ

ಮೆಡಿಕಲ್ ಸೀಟು ಸಿಕ್ಕಿತು. ನಿಮ್ಮಲ್ಲಿ ಹಲವರಿಗೆ ಫೋನಿನಲ್ಲೇ ಹೇಳಿದ್ದೇನೆ, ಅಳುತ್ತಾ. ಈಗ ಸಮಾಧಾನವಾಗಿ ಕೂತು ಬರೆಯುತ್ತಿದ್ದೇನೆ.

ಮೊದಲ ಸಲ ಅರ್ಜಿ ಹಾಕಿದಾಗ ಎಲ್ಲೂ ಸೀಟು ಸಿಗಲಿಲ್ಲ, ಅದು ನಿಮಗೆಲ್ಲ ಗೊತ್ತೇ ಇದೆ. ಎಂಕ್ಯಾಟ್‌ಗೆ (ಇಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ) ಮತ್ತೆ ಓದುವಾಗ ಭಾನುವಾರಗಳನ್ನು ಬಿಟ್ಟುಕೊಟ್ಟ ಗೆಳತಿಯರಿಗೆ, ಎರಡನೇ ಸಲವೂ ಬೇಸರಿಸದೆ ಶಿಫಾರಸು ಪತ್ರ ಬರೆದುಕೊಟ್ಟ ಪ್ರೊಫೆಸರ್‌ಗೆ, ದುಡ್ಡಿನ ಮಾತೇ ಎತ್ತದ ಅಪ್ಪ ಅಮ್ಮನಿಗೆ ತುಂಬಾ ಥ್ಯಾಂಕ್ಸ್. ನನ್ನನ್ನು ಬೇಡವೆಂದ ಒಂದು ಕಾಲೇಜಿನವರು ಫೋನಿನಲ್ಲಿ ಹದಿನೈದು ನಿಮಿಷ ಕೊಟ್ಟು ಎಲ್ಲ ಬಿಡಿಸಿ ಹೇಳಿದರು. ಅರ್ಜಿ ಸೆಪ್ಟೆಂಬರ್‌ನಲ್ಲಿ ಬಂತು, ತಡವಾಯಿತು ಅಂದರು. (ಊರಿನಲ್ಲಿರುವವರಿಗೆ: ಅಮೆರಿಕದಲ್ಲಿ ಹೆಚ್ಚಿನ ಕಾಲೇಜುಗಳು ಅರ್ಜಿ ಬಂದ ಹಾಗೇ ನೋಡುತ್ತಾ, ಸಂದರ್ಶನಕ್ಕೆ ಕರೆಯುತ್ತಾ ಹೋಗುತ್ತವೆ.) ಡಾಕ್ಟರುಗಳ ಹಿಂದೆ ನಿಂತು ನೋಡಿದ ಗಂಟೆಗಳು ಬೇಕಾದಷ್ಟಿವೆ, ರೋಗಿಗಳ ಪಕ್ಕ ಕೂತ ಗಂಟೆಗಳು ಎಲ್ಲಿ ಅಂತ ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಅದಕ್ಕೇ ವೃದ್ಧರ ಆರೈಕೆ ಕೇಂದ್ರದಲ್ಲಿ ಸಹಾಯಕಿಯಾಗಿ ಸೇರಿದೆ.

ಇನ್ನು ಅತ್ತಿಗೆ.

ಮೇ ಕೊನೆಯ ಒಂದು ರಾತ್ರಿ. ಅರ್ಜಿಯ ಜೊತೆ ಕೊಡಬೇಕಾದ ಪ್ರಬಂಧದ ಒಂದು ಸಾಲೂ ಮುಂದೆ ಹೋಗುತ್ತಿರಲಿಲ್ಲ. ಹಳೆಯದು ಓದಿದರೆ ಎಲ್ಲ ಸುಳ್ಳು ಅನ್ನಿಸುತ್ತಿತ್ತು. ಹನ್ನೊಂದು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿ, 'ನಾನು ಅರ್ಜಿ ಹಾಕಲ್ಲ' ಅಂದುಬಿಟ್ಟೆ. ಬೆಳಿಗ್ಗೆ ಆಫೀಸಿದ್ದರೂ ಅತ್ತಿಗೆ ಮಲಗಲಿಲ್ಲ. ಸಮಾಧಾನವನ್ನೂ ಮಾಡಲಿಲ್ಲ. ಪಕ್ಕದಲ್ಲಿ ಕೂತು, 'ಇವತ್ತು ಕೆಲಸದಲ್ಲಿ ಏನಾಯ್ತು, ಅದನ್ನ ಹೇಳು' ಅಂದರು.

ಒಬ್ಬರು ಅಜ್ಜಿಗೆ ಊಟ ಮಾಡಿಸಿದ್ದನ್ನು ಹೇಳಿದೆ. ಒಂದು ಚಮಚ ಕೊಟ್ಟು ಕಾಯಬೇಕು. ಗಂಟಲು ಅಲುಗಿ, ಒಳಗೆ ಇಳಿದದ್ದು ಗೊತ್ತಾದ ಮೇಲೇ ಇನ್ನೊಂದು. ಎರಡು ದಿನ ತುಟಿ ಬಿಗಿ ಹಿಡಿದಿದ್ದವರು ಅವತ್ತು ನನ್ನ ಮಣಿಕಟ್ಟು ಹಿಡಿದುಕೊಂಡು, ಚಮಚವನ್ನು ತಾವೇ ಬಾಯಿಯ ಹತ್ತಿರ ಎಳೆದುಕೊಂಡಿದ್ದರು.

ತಲೆ ಎತ್ತಿದರೆ ಅತ್ತಿಗೆ ಕರೆಂಟ್ ಬಿಲ್ಲಿನ ಹಿಂದೆ ಇದನ್ನೆಲ್ಲ ಬರೆದುಕೊಳ್ಳುತ್ತಿದ್ದರು. 'ಪುಟ್ಟಿ, ಇದನ್ನ ಯಾಕೆ ಬರೆದಿಲ್ಲ?'

ಬೆಳಗಿನ ಜಾವ ಮೂರೂವರೆ ತನಕ ಕೂತೆವು. ಖಾಲಿ ಜಾಗವೂ ಸೇರಿ 5,300 ಅಕ್ಷರ, ಅಷ್ಟೇ ಮಿತಿ. ನಾನು ಓದಿದ ಹಾಗೆ ಅವರು ಜಾಸ್ತಿಯಾದ ಮಾತುಗಳನ್ನು ತೆಗೆಸುತ್ತಾ ಹೋದರು. ಜೂನ್ ಮೊದಲ ವಾರದಲ್ಲೇ ಅರ್ಜಿ ಹೋಯಿತು.

ಇದನ್ನು ಯಾರಿಗೂ ಹೇಳಿಲ್ಲ. ಆ ವರ್ಷವೆಲ್ಲ ಯಾರಾದರೂ 'ಮುಂದೇನು?' ಅಂದರೆ ಸಾಕು, ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ. ಕೆಲವು ಸಲ ಬದುಕೇ ಸಾಕಪ್ಪಾ ಅನ್ನಿಸಿದೆ. ಅತ್ತಿಗೆಗೆ ಮಾತ್ರ ಗೊತ್ತಿತ್ತು. ನಾನು ಹೊರಗೆ ಬರುವಷ್ಟರಲ್ಲಿ ಅವರು ಮಾತನ್ನು ಬೇರೆ ಕಡೆ ತಿರುಗಿಸಿರುತ್ತಿದ್ದರು. ಒಂದು ಸಲವೂ ತಪ್ಪಿಸಿಲ್ಲ.

ಆ ಅಜ್ಜಿ ಚಳಿಗಾಲದಲ್ಲಿ ತೀರಿಕೊಂಡರು. ಸಂದರ್ಶನದಲ್ಲಿ ಅವರ ಬಗ್ಗೆ ಕೇಳಿದಾಗ ಗಂಟಲು ಕಟ್ಟಿತು, ಆದರೂ ಹೇಳಿದೆ.

ಆಗಸ್ಟ್‌ನಲ್ಲಿ ತರಗತಿ ಶುರು. ಬಿಳಿ ಕೋಟು ಹಾಕಿಸುವ ದಿನ ಮನೆಯವರೂ ಬರಬಹುದು. ಅತ್ತಿಗೆ, ಆಫೀಸಿಗೆ ಈಗಲೇ ರಜೆ ಹಾಕಿಬಿಡಿ.