ಮಂಕಿ ಟಾಪ್ ಮನೆಗಳಿಗೆ ರಿಯಾಯಿತಿ ಕೊಡಿ

ಮಾನ್ಯರೇ,

1898ರ ಪ್ಲೇಗ್ ಹಾವಳಿಯ ನಂತರ ಬೆಳೆದ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಲ್ಲಿ 20ನೇ ಶತಮಾನದ ಆರಂಭದ ಮನೆಗಳು ಒಂದೊಂದಾಗಿ ನೆಲಸಮವಾಗುತ್ತಿವೆ. ಕಿಟಕಿಯ ಮೇಲೆ ಚೂಪಾಗಿ ಮುಂಚಾಚುವ, ಸಾಲಾಗಿ ಮರದ ಪಟ್ಟಿ ಬಡಿದ ‘ಮಂಕಿ ಟಾಪ್’ ಬರೀ ಅಲಂಕಾರವಲ್ಲ. ಬಿಸಿಲು, ಇರಚಲು ತಡೆದು ಗಾಳಿಯನ್ನು ಮಾತ್ರ ಒಳಬಿಡುತ್ತದೆ. ಮೇಲೆ ಮಂಗಳೂರು ಹೆಂಚು ಇಲ್ಲವೇ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿ, ಕೆಳಗೆ ತಣ್ಣನೆಯ ರೆಡ್ ಆಕ್ಸೈಡ್ ನೆಲ. ಈಗಿನ ಗಾಜಿನ ಕಟ್ಟಡಗಳಿಗೆ ಡಿಸೆಂಬರಿನಲ್ಲೂ ಎ.ಸಿ. ಬೇಕು!

ಮಾಲೀಕರನ್ನು ದೂರಿ ಫಲವಿಲ್ಲ. ಅಣ್ಣತಮ್ಮಂದಿರ ಪಾಲು, ನಿವೇಶನದ ಬೆಲೆ, ಹೆಂಚು ಕೈಯಾಡಿಸುವವರ ಕೊರತೆ, ಅವರ ಕಷ್ಟ ಅವರಿಗೆ. ಉಳಿಸಿಕೊಂಡವರಿಗೆ ಪಾಲಿಕೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಲಿ. ಕೆಡವುವ ಮುನ್ನ ಅಳತೆ, ನಕ್ಷೆ, ಫೋಟೊ ದಾಖಲಿಸುವುದನ್ನಾದರೂ ಕಡ್ಡಾಯ ಮಾಡಲಿ.

ಓದುಗ, ಬೆಂಗಳೂರು