ಉಚಿತ ವೆಬ್‌ಸೈಟ್ ಟೆಂಪ್ಲೇಟ್ ಬಂದಾವ್ರಿ, ಬಳಸೋ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ ರೀ. ಬೆಳಗಾವಿ ಭಾಗದ ಹೊಸ ಉದ್ಯಮಗಳಿಗೆ ಮೂರು ಟೆಂಪ್ಲೇಟ್‌ಗಳ ಜಿಪ್ ಫೈಲ್ ಹಾಕಿದ್ದೇವೆ: ಕುಂದಾ ಅಂಗಡಿ, ಇಳಕಲ್ ಸೀರೆ, ಫೌಂಡ್ರಿ. ಎಂಐಟಿ ಲೈಸೆನ್ಸ್ (ಯಾರು ಬೇಕಾದರೂ ಬಳಸಿ, ಬದಲಿಸಬಹುದಾದ ಅನುಮತಿ) ಇದೆ, ವ್ಯಾಪಾರಕ್ಕೂ ಬಳಸಿ, ಲೈಸೆನ್ಸ್ ಫೈಲ್ ಮಾತ್ರ ಅಳಿಸಬೇಡಿ.

ವೆಬ್‌ಸೈಟನ್ನು ಉಚಿತವಾಗಿ ಇಂಟರ್ನೆಟ್ಟಿಗೆ ಹಾಕುವ ಗಿಟ್‌ಹಬ್ ಪೇಜಸ್ ಸೇವೆ ಆನ್‌ಲೈನ್ ವ್ಯಾಪಾರಕ್ಕಲ್ಲ ಅಂತ ಅದರ ನಿಯಮದಲ್ಲೇ ಇದೆ. ಅದಕ್ಕೇ ಅಂಥದ್ದೇ ಇನ್ನೊಂದು ಸೇವೆಯಾದ ಕ್ಲೌಡ್‌ಫ್ಲೇರ್ ಪೇಜಸ್‌ಗೆ ಏರಿಸಿ. ಇಂಡೆಕ್ಸ್ ಫೈಲ್ (ಮುಖಪುಟದ ಫೈಲ್) ಒಳಫೋಲ್ಡರಿನಲ್ಲಿ ಸಿಕ್ಕಿಕೊಂಡರೆ ಮುಖಪುಟ ತೆರೆಯದೆ 404 (ಪುಟ ಸಿಗಲಿಲ್ಲ) ಅಂತ ಬರುತ್ತದೆ. ಫೋಟೋ ಹೆಸರೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲಿರಲಿ, ಒಂದೊಂದೂ 200 ಕೆಬಿ ಒಳಗಿರಲಿ.

ಕನ್ನಡ ಶೀರ್ಷಿಕೆಯೇ ಹೆಚ್ಚು ಕೆಡುವ ಜಾಗ. ಇಂಗ್ಲಿಷಿಗೆ ಹೊಂದುವ 1.2 ಲೈನ್ ಹೈಟ್ (ಸಾಲಿನ ಎತ್ತರ) ಇಟ್ಟರೆ ‘ಪಟ್ಟೆದಂಚು’ ಅನ್ನೋ ಪದದ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ನಾವು 1.7 ಇಟ್ಟಿದ್ದೇವೆ, ದಯವಿಟ್ಟು ಇಳಿಸಬೇಡಿ.

ವಾಟ್ಸಾಪ್ ಲಿಂಕಿನಲ್ಲಿ ನಂಬರಿನ ಮುಂದೆ 91 ಹಾಕಿ. ಪ್ಲಸ್ ಚಿಹ್ನೆ, ಸ್ಪೇಸ್ ಬೇಡ. ತೊಂದರೆ ಬಂದರೆ ಸ್ಕ್ರೀನ್‌ಶಾಟ್ ಇಲ್ಲೇ ಹಾಕ್ರಿ.